ಬರಗಾಲ ನೀರಿಗೋ, ಲೆಕ್ಕಕ್ಕೋ?

ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಮಂಗಳೂರಿನಲ್ಲಿ 2019ರ ಮೇ ತಿಂಗಳಲ್ಲಿ ನಳ್ಳಿಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. 2023ರ ಮೇ ತಿಂಗಳಲ್ಲಿ ಅದೇ ಸ್ಥಿತಿ ಮರುಕಳಿಸಿತು. ಎರಡೂ ಸಲ ಇಡೀ ನಗರದ ಕಣ್ಣು ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರಿನ ಮಟ್ಟದ ಮೇಲೆ ನೆಟ್ಟಿತ್ತು. ಮಳೆ ಬಂತು, ಆಡಳಿತವೂ ಮರೆಯಿತು, ಜನರೂ ಮರೆತರು.

ಆದರೆ ಸರಳವಾದೊಂದು ಲೆಕ್ಕವನ್ನು ಮರೆಯುವಂತಿಲ್ಲ. ತುಂಬೆಯಿಂದ ನಗರಕ್ಕೆ ದಿನವೊಂದಕ್ಕೆ ಸುಮಾರು 16 ಕೋಟಿ ಲೀಟರ್ ನೀರು ಎತ್ತಲಾಗುತ್ತದೆ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಸಾಕೆಂಬುದು ಸರ್ಕಾರವೇ ಒಪ್ಪಿರುವ ಮಾನದಂಡ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 5 ಲಕ್ಷ. ಇಂದು ಅದು 7 ಲಕ್ಷವೆಂದೇ ಎಣಿಸಿದರೂ ಬೇಕಾಗುವುದು ಒಂಬತ್ತೂವರೆ ಕೋಟಿ ಲೀಟರ್ ಮಾತ್ರ. ಕೈಗಾರಿಕೆ, ಹೋಟೆಲು, ಆಸ್ಪತ್ರೆ ಹಾಗೂ ನೆರೆಯ ಊರುಗಳಿಗೂ ನೀರು ಹೋಗುತ್ತದೆ, ನಿಜ. ಉಳಿದುದೆಲ್ಲವೂ ಸೋರಿಹೋಯಿತೆಂದು ಆರೋಪಿಸುವುದು ನ್ಯಾಯವಲ್ಲ. ಆದರೆ ಅದು ಎಲ್ಲಿಗೆ ಹೋಯಿತೆಂದು ಕೇಳುವುದು ತೆರಿಗೆ ಕಟ್ಟುವ ಪ್ರತಿಯೊಬ್ಬನ ಹಕ್ಕು.

ಕೊಳವೆಯ ಸೋರಿಕೆ, ಕಳ್ಳ ಸಂಪರ್ಕ, ಕೆಟ್ಟುನಿಂತ ಮೀಟರ್ - ಈ ಮೂರರಿಂದ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಶೇ. 20ನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2008ರಲ್ಲಿಯೇ ಮಾನದಂಡ ನಿಗದಿಪಡಿಸಿತು. 2021ರಲ್ಲಿ ಆರಂಭವಾದ ಎರಡನೇ ಹಂತದ ಅಮೃತ್ ಯೋಜನೆಯೂ ಅದೇ ಗುರಿಯನ್ನು ಪುನರುಚ್ಚರಿಸಿತು. ಹದಿಮೂರು ವರ್ಷಗಳ ಬಳಿಕವೂ ಅದೇ ಗುರಿಯನ್ನು ಮತ್ತೆ ಬರೆಯಬೇಕಾಯಿತೆಂದರೆ ಆಗಬೇಕಾದ ಕೆಲಸ ಆಗಿಲ್ಲವೆಂದೇ ಅರ್ಥವಲ್ಲವೇ?

ಇದರ ಬೆಲೆ ತೆರುವವರು ಯಾರು? ದೊಡ್ಡ ಸಂಪು, ಪಂಪು ಇರುವವರಿಗೆ ಸರದಿ ನೀರಿನ ಬಿಸಿ ತಟ್ಟುವುದು ಕಡಿಮೆ. ಕೊಳವೆಯ ಕೊನೆಯಲ್ಲಿರುವ ಬಡ ಮೊಹಲ್ಲಾಗಳಿಗೆ, ಎತ್ತರದ ಓಣಿಗಳಿಗೆ ನೀರು ತಲುಪುವಷ್ಟರಲ್ಲಿ ಸರದಿಯೇ ಮುಗಿದಿರುತ್ತದೆ. ದಿನಗೂಲಿಯ ಒಂದು ಪಾಲು ಟ್ಯಾಂಕರಿನವನ ಕೈ ಸೇರುತ್ತದೆ. ಇನ್ನೊಂದು ಅಪಾಯವೂ ಇದೆ. ನೀರು ನಿಂತು ಖಾಲಿಯಾದ ಕೊಳವೆಯ ಬಿರುಕುಗಳ ಮೂಲಕ ಚರಂಡಿಯ ನೀರು ಒಳನುಸುಳುತ್ತದೆ. ಮರುದಿನ ಅದೇ ನಳ್ಳಿಯಲ್ಲಿ ಕಾಮಾಲೆಯೂ ವಾಂತಿಭೇದಿಯೂ ಮನೆಗೆ ಬರುತ್ತವೆ.

ಪ್ರತಿ ಬೇಸಿಗೆಯಲ್ಲಿ ಕೇಳಿಬರುವ ಪರಿಹಾರ ಒಂದೇ: ಅಣೆಕಟ್ಟನ್ನು ಎತ್ತರಿಸಿ. ಎತ್ತರಿಸಿದಷ್ಟೂ ಹಿನ್ನೀರು ನದಿಯ ಮೇಲ್ಭಾಗದ ರೈತರ ತೋಟಗಳಿಗೆ ನುಗ್ಗುತ್ತದೆ. ನಮ್ಮ ಕೊಳವೆಯ ತೂತನ್ನು ಮುಚ್ಚದೆ ಇನ್ನೊಬ್ಬರ ಅಡಿಕೆ ತೋಟವನ್ನು ಮುಳುಗಿಸುವುದು ಯಾವ ನ್ಯಾಯ?

ತೂತನ್ನು ಹುಡುಕುವುದು ಅಸಾಧ್ಯವೇನಲ್ಲ. ಒಂದು ವಾರ್ಡಿಗೆ ಹೋಗುವ ಮುಖ್ಯ ಕೊಳವೆಗೆ ಮೀಟರ್ ಅಳವಡಿಸಿ, ಜನರೆಲ್ಲ ಮಲಗಿರುವ ರಾತ್ರಿ ಎರಡರಿಂದ ನಾಲ್ಕು ಗಂಟೆಯ ನಡುವೆ ನೀರು ಹರಿಸಿ ಅಳೆದರೆ ಸಾಕು. ಮನೆಗಳ ಟ್ಯಾಂಕುಗಳು ತುಂಬಿದ ಮೇಲೂ ಮೀಟರ್ ಓಡುತ್ತಿದ್ದರೆ ಆ ನೀರಿನ ಬಹುಪಾಲು ಮಣ್ಣಿಗೆ ಹೋಗುತ್ತಿದೆಯೆಂದು ತಿಳಿಯಬೇಕು. ಅನಂತರ ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದರೆ ಸೋರುವ ಬೀದಿ ಯಾವುದೆಂದು ಗೊತ್ತಾಗುತ್ತದೆ.

ಕೊಳವೆಯೊಳಗಿನ ಒತ್ತಡವನ್ನು ಹದದಲ್ಲಿಡುವುದೂ ಅಷ್ಟೇ ಮುಖ್ಯ. ಇದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ಇಂದು ವಿಜಯಪುರವೆನಿಸಿರುವ ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹ್ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದನು. ಅಲ್ಲಿಂದ ನಗರಕ್ಕೆ ನೀರು ಒಯ್ಯುವ ಮಣ್ಣಿನ ಕೊಳವೆಗಳ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳಿದ್ದವು. ನೀರಿನ ಒತ್ತಡವನ್ನು ತಗ್ಗಿಸಿ ಕೊಳವೆ ಒಡೆಯದಂತೆ ಕಾಯುವುದೂ ಕೆಸರು ತಳದಲ್ಲಿ ನಿಲ್ಲುವಂತೆ ಮಾಡುವುದೂ ಅವುಗಳ ಕೆಲಸ. ಮೂರೂವರೆ ಶತಮಾನಗಳ ಹಿಂದಿನವರಿಗಿದ್ದ ಈ ಕಾಳಜಿ ಇಂದಿನ ಆಡಳಿತಕ್ಕೆ ಭಾರವಾಗಬೇಕೇ?

ಹೀಗೆಂದು ನಾಗರಿಕರು ಕೈಕಟ್ಟಿ ಕೂರುವಂತಿಲ್ಲ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಳ್ಳಿ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ನೀರನ್ನು ನುಂಗುತ್ತದೆ. ಅದಕ್ಕೆ ಬೇಕಾದುದು ಕೆಲವೇ ರೂಪಾಯಿಗಳ ವಾಷರ್. ಸಾವಿರ ಚದರ ಅಡಿಯ ಛಾವಣಿಯ ಮೇಲೆ ಕರಾವಳಿಯ ಒಂದು ಮಳೆಗಾಲದಲ್ಲಿ ಮೂರು ಲಕ್ಷ ಲೀಟರಿನಷ್ಟು ನೀರು ಬೀಳುತ್ತದೆ. ಅದನ್ನು ಸೋಸಿ ಅಂಗಳದ ಬಾವಿಗೆ ಇಳಿಸುವ ಬದಲು ನಾವು ಬಾವಿಯನ್ನೇ ಮುಚ್ಚಿ ಇಂಟರ್‌ಲಾಕ್ ಹಾಸುತ್ತಿದ್ದೇವೆ.

ನಮ್ಮ ಮಸೀದಿಗಳನ್ನೂ ಈ ಪ್ರಶ್ನೆಯಿಂದ ಹೊರಗಿಡಲಾಗದು. ಪ್ರವಾದಿವರ್ಯರು(ಸ) ಒಂದು ಮುದ್ದ್ ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ಅಂಗಸ್ನಾನ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಪೂರ್ತಿ ತೆರೆದ ನಳ್ಳಿಯ ಕೆಳಗೆ ನಾವು ಅದರ ಹಲವು ಪಟ್ಟು ಚೆಲ್ಲುತ್ತೇವೆ. ಹರಿವನ್ನು ತಗ್ಗಿಸುವ ನಳ್ಳಿ ಹಾಕಿಸುವುದಕ್ಕೂ, ವುಝೂವಿನ ನೀರನ್ನು ತೋಟಕ್ಕೆ ತಿರುಗಿಸುವುದಕ್ಕೂ ಜಮಾಅತ್ ಕಮಿಟಿಯ ಒಂದು ನಿರ್ಣಯ ಸಾಕು.

ಜೊತೆಗೆ, ಮತ ಕೇಳಲು ಬರುವ ಕಾರ್ಪೊರೇಟರಿಗೆ ರಸ್ತೆಯ ಡಾಮರಿನ ಪ್ರಶ್ನೆಯೊಂದಿಗೆ ಇದನ್ನೂ ಕೇಳೋಣ: ನಮ್ಮ ವಾರ್ಡಿಗೆ ಎಷ್ಟು ನೀರು ಬಂತು, ಎಷ್ಟಕ್ಕೆ ಬಿಲ್ಲಾಯಿತು, ವ್ಯತ್ಯಾಸವೆಷ್ಟು? ಈ ಮೂರು ಅಂಕಿಗಳನ್ನು ಪ್ರತಿ ತಿಂಗಳೂ ವಾರ್ಡ್ ಕಚೇರಿಯ ಗೋಡೆಯಲ್ಲಿ ಬರೆದು ಹಾಕುವ ನಗರಸಭೆಯೇ ನೀರು ಉಳಿಸೆಂದು ಜನರಿಗೆ ಹೇಳುವ ನೈತಿಕ ಅಧಿಕಾರವನ್ನು ಪಡೆಯುತ್ತದೆ.