ಅಮೆರಿಕದ ರೈತ ಸಾಲ ಮಾಡಲಿಲ್ಲವೇ?

ಅಮೆರಿಕದ ರೈತನನ್ನು ನೋಡಿ ಕಲಿಯಿರಿ ಅಂತ ನಮಗೆ ಬುದ್ಧಿ ಹೇಳುವ ಮಹಾಶಯರು ಬಹಳ ಮಂದಿ ಇದ್ದಾರೆ. ಕೃಷಿ ಮೇಳದ ವೇದಿಕೆಯ ಮೇಲೂ ಇದೇ ಮಾತು, ಸಾಲ ವಸೂಲಿಗೆ ಬಂದವರ ಬಾಯಲ್ಲೂ ಇದೇ ಮಾತು. ಅಲ್ಲಿಯ ರೈತ ಬರಿಗೈಯಲ್ಲಿ ಬಂದನಂತೆ, ಕಾಡು ಕಡಿದನಂತೆ, ಯಾರ ಮುಂದೂ ಕೈಚಾಚದೆ ರಟ್ಟೆಯ ಬಲವೊಂದರಿಂದಲೇ ಮೇಲೆ ಬಂದನಂತೆ. ನಾವೋ, ಬೆಲೆ ಕೇಳುವವರು, ಸಾಲಮನ್ನಾ ಕೇಳುವವರು, ರಸ್ತೆಯಲ್ಲಿ ಬಂದು ಕೂರುವವರು. ಅಂದರೆ ಸೋಮಾರಿಗಳು.

ರೈತ ಬಂಧುಗಳೇ, ಹಾಗಾದರೆ ಅಮೆರಿಕದ ಒಂದು ರೈತ ಮನೆತನದ ಲೆಕ್ಕವನ್ನೇ ಬಿಚ್ಚಿ ನೋಡೋಣ. ಕೆಟ್ಟು ಹೋದ ಮನೆ ಅಂತ ಯಾರೂ ತಳ್ಳಿಹಾಕುವಂತಿಲ್ಲ. ಅಮೆರಿಕದವರೇ 'ನಮ್ಮ ಹಿರಿಯರು ಹೀಗಿದ್ದರು' ಅಂತ ಮಕ್ಕಳಿಗೆ ತೋರಿಸುವ ಮನೆ ಇದು. ಚಾರ್ಲ್ಸ್ ಇಂಗಲ್ಸ್ ಎಂಬ ರೈತನ ಮಗಳು ಲಾರಾ ಇಂಗಲ್ಸ್ ವೈಲ್ಡರ್ 1932ರಿಂದ ಬರೆದ ಮಕ್ಕಳ ಪುಸ್ತಕಗಳಲ್ಲಿ ಇವರ ಕತೆ ಇದೆ. ಕೆಲವು ಕನ್ನಡಕ್ಕೂ ಬಂದಿವೆ. 1974ರಿಂದ 1983ರ ತನಕ ಅಲ್ಲಿಯ ಟೆಲಿವಿಷನ್‌ನಲ್ಲಿ ಇದು ಧಾರಾವಾಹಿಯಾಗಿ ಓಡಿತು. ಪುಸ್ತಕಗಳು ಚೆನ್ನಾಗಿವೆ, ಓದಿ. ಆದರೆ ಪುಸ್ತಕದಲ್ಲಿ ಬಿಟ್ಟ ಪುಟಗಳಲ್ಲಿಯೇ ನಮಗೆ ಬೇಕಾದ ಸಂಗತಿ ಇರುವುದು.

ಇಂಗಲ್ಸ್ ಮನೆತನದ ಹಿರಿಯ ಎಡ್ಮಂಡ್ 1629ರ ಹೊತ್ತಿಗೇ ಇಂಗ್ಲೆಂಡ್ ಬಿಟ್ಟು ಮ್ಯಾಸಚೂಸೆಟ್ಸ್‌ನ ಲಿನ್ ಎಂಬ ಊರಿಗೆ ಬಂದು ನೆಲೆಸಿದವನು. ಇನ್ನೂರು ವರ್ಷ ಆ ನೆಲದಲ್ಲಿ ದುಡಿದ ವಂಶ. ಚಾರ್ಲ್ಸ್ ಹುಟ್ಟಿದ್ದು 1836ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಅಪ್ಪ ಲ್ಯಾನ್ಸ್‌ಫರ್ಡ್ ಮಕ್ಕಳನ್ನು ಕಟ್ಟಿಕೊಂಡು ಇಲಿನಾಯ್‌ಗೆ ಹೋದ, ಅಲ್ಲಿಂದ ವಿಸ್ಕಾನ್ಸಿನ್‌ಗೆ. ವಿಸ್ಕಾನ್ಸಿನ್‌ನಲ್ಲಿ ಜಮೀನು ಅಡವಿಟ್ಟು ಸಾಲ ತಂದ. 1860ರ ದಶಕದ ಮೊದಲಲ್ಲೇ ಜಮೀನು ಹೋಯಿತು. ಚಾರ್ಲ್ಸನಿಗೆ ಆಗಷ್ಟೇ ಮದುವೆಯಾಗಿತ್ತು. ಅಪ್ಪನಿಂದ ಮಗನಿಗೆ ಬಂದ ಪಿತ್ರಾರ್ಜಿತ ಏನು ಅಂತ ಕೇಳಿದರೆ, ಇದು.

ಮಗ ಕೈಕಟ್ಟಿ ಕೂತನೇ? 1863ರಲ್ಲಿ ಭಾವಮೈದುನನ ಜೊತೆ ಸೇರಿ ಪೆಪಿನ್ ಎಂಬಲ್ಲಿ 160 ಎಕರೆ ಕೊಂಡ. ಕಾಡು ಕಡಿದ, ಬೇಟೆಯಾಡಿದ, ಬಡಗಿ ಕೆಲಸ ಮಾಡಿದ. ಆಮೇಲೆ ಅದನ್ನು ಕಂತಿನ ಮೇಲೆ ಮಾರಿ, ಮಿಸೌರಿ ಹಾದು, 1869ರಲ್ಲಿ ಕ್ಯಾನ್ಸಸ್‌ಗೆ ಗಾಡಿ ಹೊಡೆದ. ಅಲ್ಲಿ ಅವನು ಮನೆ ಕಟ್ಟಿದ್ದು ಓಸೇಜ್ ಜನರಿಗೆ ಒಪ್ಪಂದದ ಪ್ರಕಾರ ಸೇರಿದ್ದ ನೆಲದಲ್ಲಿ. ಇದನ್ನು ಮುಚ್ಚಿಡಬಾರದು. ಆ ನೆಲ ಖಾಲಿ ಬಿದ್ದಿತ್ತು ಅನ್ನುವುದು ಶುದ್ಧ ಸುಳ್ಳು. ಓಸೇಜರಿಗೆ ಅದು ಬೇಟೆಯ ಬಯಲು, ಜೋಳದ ಹೊಲ, ಹಿರಿಯರ ಸಮಾಧಿ. 1870ರಲ್ಲಿ ಅಮೆರಿಕದ ಪಾರ್ಲಿಮೆಂಟು ಕಾನೂನು ಮಾಡಿ ಅವರನ್ನು ದಕ್ಷಿಣಕ್ಕೆ ಸಾಗಹಾಕಿತು. ಒಬ್ಬ ಬಡವನಿಗೆ ನೆಲ ಕೊಡುವುದಕ್ಕೆ ಇನ್ನೊಬ್ಬ ಬಡವನ ನೆಲ ಕಿತ್ತುಕೊಳ್ಳುವ ಸರ್ಕಾರದ ಧಾರಾಳತನ ಎಂಥದು ಅಂತ ಅಣೆಕಟ್ಟು, ಕೈಗಾರಿಕೆ ಅಂತ ಊರು ಬಿಟ್ಟು ಬಂದವರನ್ನು ಕೇಳಿ. ಇಷ್ಟಾಗಿ ಇಂಗಲ್ಸ್‌ಗೂ ಆ ನೆಲ ದಕ್ಕಲಿಲ್ಲ. ವಿಸ್ಕಾನ್ಸಿನ್ ಜಮೀನು ಕೊಂಡವನು ಕಂತು ಕಟ್ಟಲಾರದೆ ಕೈಚೆಲ್ಲಿದ. 1871ರಲ್ಲಿ ಮತ್ತೆ ಗಾಡಿ ಹಿಂದಕ್ಕೆ.

1874ರಲ್ಲಿ ಮಿನೆಸೋಟಾದ ವಾಲ್ನಟ್ ಗ್ರೋವ್. ಪ್ಲಮ್ ಹಳ್ಳದ ದಂಡೆಯಲ್ಲಿ ಕಪ್ಪು ನೆಲ. ಗೋಧಿ ಬಿತ್ತಿದ. ಬೆಳೆ ಬಂದರೆ ತೀರಿಸಬಹುದೆಂಬ ನಂಬಿಕೆಯ ಮೇಲೆ ಹಲಗೆ, ಕಿಟಕಿ, ಬಾಗಿಲು ಎಲ್ಲ ಉದ್ರಿ ತಂದು ಮನೆ ಎಬ್ಬಿಸಿದ. ಇದರಲ್ಲಿ ತಪ್ಪೇನಿದೆ? ಬೆಳೆ ನಂಬದೆ ರೈತ ಇನ್ನೇನನ್ನು ನಂಬಬೇಕು ಸ್ವಾಮಿ? ಆದರೆ 1873ರಿಂದ 1877ರ ತನಕ ಆ ಸೀಮೆಯ ಮೇಲೆ ಮಿಡತೆ ದಂಡು ಬಿತ್ತು. ಮೋಡ ಕವಿದಂತೆ ಬಂದು ಇಳಿದು ಪೈರು, ಹುಲ್ಲು, ಎಲೆ ಎಲ್ಲ ತಿಂದು, ನೆಲದಲ್ಲಿ ಮೊಟ್ಟೆ ಇಟ್ಟು ಹೋದವು. ಮರುವರ್ಷ ಮತ್ತೆ ಅದೇ. ಚಾರ್ಲ್ಸ್ ಹೆಂಡತಿ ಮಕ್ಕಳನ್ನು ಬಿಟ್ಟು ನೂರಾರು ಮೈಲಿ ಪೂರ್ವಕ್ಕೆ ನಡೆದು ಬೇರೆಯವರ ಹೊಲದಲ್ಲಿ ಕೊಯ್ಲಿಗೆ ಕೂಲಿಗೆ ನಿಂತ. ಗುಳೆ ಅಂತ ನಾವು ಹೇಳುತ್ತೇವಲ್ಲ, ಅದೇ.

ಆ ಜಾತಿಯ ಮಿಡತೆ 1902ರಿಂದೀಚೆಗೆ ಜೀವಂತ ಕಂಡವರಿಲ್ಲ, ನಿರ್ವಂಶವಾಯಿತು. ಬಡ್ಡಿ ಮಾತ್ರ ಇನ್ನೂ ಬದುಕಿದೆ.

1875ರಲ್ಲಿ ಈ ರಟ್ಟೆ ಬಲದ ರೈತ ಸರ್ಕಾರದ ಕಾಗದವೊಂದಕ್ಕೆ ರುಜು ಹಾಕಿದ. ತನಗೆ ಯಾವ ಗತಿಯೂ ಇಲ್ಲ ಅಂತ ಬರೆದುಕೊಟ್ಟರೆ ಮಾತ್ರ ಪರಿಹಾರದ ಹಿಟ್ಟು ಸಿಗುತ್ತಿತ್ತು. ಬರೆದುಕೊಟ್ಟ, ಹಿಟ್ಟು ತಂದ, ಮಕ್ಕಳಿಗೆ ರೊಟ್ಟಿಯಾಯಿತು. ಮಗಳ ಪುಸ್ತಕದಲ್ಲಿ ಈ ಸಂಗತಿ ಇಲ್ಲ. ಯಾಕಿಲ್ಲ ಅಂತ ಆಕೆಯನ್ನು ದೂರಲಾರೆ. ಅಪ್ಪನ ಮಾನ ಯಾವ ಮಗಳಿಗೂ ದೊಡ್ಡದು. ನನಗೆ ಸಿಟ್ಟು ಬರುವುದು ಆ ಕಾಗದ ಕೇಳಿದವರ ಮೇಲೆ. ನಾಲ್ಕು ಜನರೆದುರು 'ನಾನು ಭಿಕಾರಿ' ಅಂತ ಒಪ್ಪಿಸಿದ ಮೇಲೆ ತುತ್ತು ಕೊಡುವುದು ಯಾವ ದೇಶದ ನ್ಯಾಯ?

1876ರಲ್ಲಿ ಅಲ್ಲಿಗೆ ಗವರ್ನರ್ ಆಗಿ ಬಂದವನು ಜಾನ್ ಪಿಲ್ಸ್‌ಬರಿ. ಧರ್ಮಕ್ಕೆ ಕೊಟ್ಟರೆ ರೈತ ಮೈಗಳ್ಳನಾಗುತ್ತಾನೆ ಅನ್ನುವುದು ಈತನ ವಾದ. 1877ರ ಏಪ್ರಿಲ್ 26ನ್ನು ಮಿಡತೆ ಹೋಗಲೆಂದು ಪ್ರಾರ್ಥನೆಯ ದಿನ ಅಂತ ಸಾರಿದ. ಇವನ ಮನೆತನದ ವ್ಯಾಪಾರ ಏನು ಗೊತ್ತೇ? ಮಿನಿಯಾಪೊಲಿಸ್‌ನಲ್ಲಿ ಹಿಟ್ಟಿನ ಗಿರಣಿ! ರೈತನ ಗೋಧಿ ಬೀಸಿ ದೊಡ್ಡವರಾದವರು ರೈತನಿಗೆ ಹಿಟ್ಟು ಕೊಟ್ಟರೆ ಅವನು ಕೆಡುತ್ತಾನೆ ಅನ್ನುತ್ತಾರೆ. ಕೇಳಿದಂತಿದೆಯಲ್ಲವೇ ಈ ಮಾತು?

1876ರಲ್ಲೇ ಇಂಗಲ್ಸ್ ಜಮೀನು ಮಾರಿದ. ಊರು ಬಿಟ್ಟು ಹೋಗುವ ದಾರಿಯಲ್ಲಿ ಒಂಬತ್ತು ತಿಂಗಳ ಗಂಡು ಕೂಸು ತೀರಿಕೊಂಡಿತು. ಅಯೋವಾದ ಬರ್ ಓಕ್‌ನಲ್ಲಿ ಹೋಟೆಲಿನ ಕೆಲಸ. ಅಲ್ಲಿಯೂ ಬಾಕಿ ಬೆಳೆಯಿತು. ಕೊನೆಗೆ ಮನೆ ಮಾಲೀಕನಿಗೆ ತಿಳಿಯದಂತೆ ರಾತ್ರಿಯಲ್ಲಿ ಗಾಡಿ ಕಟ್ಟಿ ಹೊರಟರು. ಮಕ್ಕಳ ಪುಸ್ತಕಗಳಲ್ಲಿ ಈ ಊರಿನ ಸುದ್ದಿಯೇ ಇಲ್ಲ. ಲಾರಾ ಮೊದಲು ಬರೆದಿಟ್ಟಿದ್ದ ಆತ್ಮಕತೆ 2014ರಲ್ಲಿ ಅಚ್ಚಾದಾಗ ಜನ ಅದನ್ನು ಓದಿದರು.

1879ರಲ್ಲಿ ಡಕೋಟಾ. ರೈಲು ಹಾದಿ ಹಾಕುವ ಕಂಪನಿಯಲ್ಲಿ ಹಾಜರಿ, ಲೆಕ್ಕ ಬರೆಯುವ ಕೆಲಸ; ಅದರ ಸಂಬಳದ ಆಧಾರದ ಮೇಲೆ 1880ರಲ್ಲಿ ಡಿ ಸ್ಮೆಟ್ ಊರಿನ ಹತ್ತಿರ 160 ಎಕರೆಗೆ ಅರ್ಜಿ ಹಾಕಿದ. ಇದು 1862ರ ಹೋಮ್‌ಸ್ಟೆಡ್ ಕಾಯಿದೆಯ ಜಮೀನು. ಅಲ್ಪ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉತ್ತರೆ ಪತ್ರ ತಗೋ ಅಂತ ಸರ್ಕಾರ ಕೊಟ್ಟದ್ದು. ಯಾರ ಮುಂದೂ ಕೈಚಾಚದ ರೈತ ಅನ್ನುತ್ತಾರಲ್ಲ, ಅವನ ಕಾಲ ಕೆಳಗಿನ ನೆಲವೇ ಸರ್ಕಾರದ್ದು. ಈ ಕಾಯಿದೆಯಲ್ಲಿ ಒಟ್ಟು 27 ಕೋಟಿ ಎಕರೆ ಹಂಚಿಹೋಯಿತು, 16 ಲಕ್ಷ ಕುಟುಂಬಗಳಿಗೆ. ರೈಲ್ವೆ ಕಂಪನಿಗಳಿಗೆ ಕೇಂದ್ರ ಸರ್ಕಾರ ಧಾರೆಯೆರೆದದ್ದು ಸುಮಾರು 13 ಕೋಟಿ ಎಕರೆ. ಅದನ್ನು ಸಬ್ಸಿಡಿ ಅಂತ ಯಾರೂ ಕರೆಯಲಿಲ್ಲ, ದೇಶದ ಅಭಿವೃದ್ಧಿ ಅಂತ ಕರೆದರು.

1880-81ರ ಚಳಿಗಾಲದಲ್ಲಿ ಹಿಮ ಬಿದ್ದು ಜನವರಿಯಿಂದ ಮೇ ತನಕ ರೈಲು ಬರಲಿಲ್ಲ. ಊರಿಗೆ ಊರೇ ಹಸಿವಿನಲ್ಲಿ. ಇಂಗಲ್ಸ್ ಮನೆಯವರು ಒಣಹುಲ್ಲು ಹುರಿಮಾಡಿ ಒಲೆಗೆ ಇಟ್ಟು, ಕಾಫಿ ಬೀಜ ಬೀಸುವ ಗಿರಣಿಯಲ್ಲಿ ಬಿತ್ತನೆ ಗೋಧಿ ಬೀಸಿ ತಿಂದರು. ಇಷ್ಟೆಲ್ಲ ತಡೆದುಕೊಂಡ ಮನುಷ್ಯ 1886ರಲ್ಲಿ ಜಮೀನಿನ ಹಕ್ಕು ಪಡೆದ, 1892ರಲ್ಲಿ ಮಾರಿಬಿಟ್ಟ! ಅಷ್ಟರಲ್ಲೇ ಪೇಟೆ ಸೇರಿ ಬಡಗಿ ಕೆಲಸ ಹಿಡಿದಿದ್ದ. 1902ರಲ್ಲಿ ಸತ್ತಾಗ ಅವನು ಹೊಲವಿಲ್ಲದ ರೈತ.

ಯಾಕೆ ಹೀಗಾಯಿತು? ಹಿಮ, ಮಿಡತೆ, ಬರ ಎಲ್ಲ ಇತ್ತು, ನಿಜ. ಅದರ ಜೊತೆಗೆ ಬೆಲೆಯ ಲೆಕ್ಕ ನೋಡಿ. ಗೋಧಿಯನ್ನು ಅಲ್ಲಿ ಬುಷೆಲ್ ಎಂಬ ಅಳತೆಯಲ್ಲಿ ಮಾರುತ್ತಾರೆ, ಒಂದು ಬುಷೆಲ್ ಅಂದರೆ ಸುಮಾರು 27 ಕಿಲೋ. 1881ರಲ್ಲಿ ಬುಷೆಲ್ಲಿಗೆ ಒಂದು ಡಾಲರಿಗೂ ಮೇಲೆ ಸಿಕ್ಕಿತು. 1894ರಲ್ಲಿ ಅರ್ಧ ಡಾಲರಿನ ಆಸುಪಾಸು. ಮೊದಲು ನೂರು ಡಾಲರ್ ಸಾಲ ಮಾಡಿದವನು ನೂರು ಬುಷೆಲ್ ಕೊಟ್ಟರೆ ಅಸಲು ತೀರುತ್ತಿತ್ತು. ಕೊನೆಗೆ ಇನ್ನೂರು ಕೊಡಬೇಕು. ಸಾಲ ಬೆಳೆಯಲಿಲ್ಲ, ಬೆಳೆ ಕುಗ್ಗಿತು. ಮೇಲೆ ಬಡ್ಡಿ ನೂರಕ್ಕೆ ಹತ್ತು, ಕೆಲವೆಡೆ ಇನ್ನೂ ಹೆಚ್ಚು. ಗೋಧಿ ಮಾರಲು ಊರಿಗೊಂದೇ ರೈಲು, ರೈಲಿನ ಪಕ್ಕದಲ್ಲಿ ಉಗ್ರಾಣ. ತೂಕ ಅವರದು, ದರ್ಜೆ ಅವರದು, ಬೆಲೆ ಅವರದು. ನಮ್ಮ ಮಂಡಿಯ ದಲ್ಲಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ಮಾಡುತ್ತಿದ್ದುದನ್ನು ಅವರು ಕಾಗದದ ಮೇಲೆ ಮಾಡುತ್ತಿದ್ದರು.

ಲಾರಾಳ ಸಂಸಾರವೂ ಬೇರೆಯಾಗಲಿಲ್ಲ. 1885ರಲ್ಲಿ ಆಕೆ ಕೈಹಿಡಿದ ಅಲ್ಮಾಂಜೊ ವೈಲ್ಡರ್ ಮನೆಗೆ ಸಾಲ, ಯಂತ್ರಕ್ಕೆ ಸಾಲ ಮಾಡಿ ಬಿತ್ತಿದ್ದ. 1886ರಲ್ಲಿ ಕೊಯ್ಲಿಗೆ ಬಂದ ಗೋಧಿಯನ್ನು ಆಲಿಕಲ್ಲು ಮಳೆ ಹೊಡೆದು ಹಾಕಿತು. 1888ರಲ್ಲಿ ಇಬ್ಬರಿಗೂ ಗಂಟಲಮಾರಿ, ಗಂಡನ ಕಾಲು ಎಳೆಯಿತು. 1889ರ ಆಗಸ್ಟ್ ಒಂದೇ ತಿಂಗಳಲ್ಲಿ ಹಸುಗೂಸು ಸತ್ತಿತು, ಮನೆ ಸುಟ್ಟಿತು. 1894ರಲ್ಲಿ ಡಕೋಟಾ ಬಿಟ್ಟು ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ಗೆ ಹೋಗಿ 40 ಎಕರೆ ಹಿಡಿದರು, ಅದೂ ಅಡಮಾನದ ಮೇಲೆ. ಅಜ್ಜನ ಅಡಮಾನ, ಅಪ್ಪನ ಉದ್ರಿ, ಮಗಳ ಅಡಮಾನ. ಇವರಲ್ಲಿ ಸೋಮಾರಿ ಯಾರು ಅಂತ ಆ ಮಹಾಶಯರು ಬೆರಳಿಟ್ಟು ತೋರಿಸಲಿ.

ಆದರೆ ಅಮೆರಿಕದ ರೈತರು ಆಗ ಸುಮ್ಮನೆ ಕೂತಿರಲಿಲ್ಲ. ಈ ಪುಟವನ್ನೂ ನಮಗೆ ಯಾರೂ ಓದಿ ಹೇಳುವುದಿಲ್ಲ. ಗ್ರೇಂಜ್ ಅಂತ ಸಂಘ ಕಟ್ಟಿದರು, ಆಮೇಲೆ ಫಾರ್ಮರ್ಸ್ ಅಲಯನ್ಸ್. ಉಗ್ರಾಣದ ದರಕ್ಕೆ ಸರ್ಕಾರ ಮಿತಿ ಹಾಕಬಹುದು ಅಂತ 1877ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಒಪ್ಪಬೇಕಾಯಿತು. 1889ರಲ್ಲಿ ಅಲಯನ್ಸಿನ ಚಾರ್ಲ್ಸ್ ಮೆಕ್ಯೂನ್ ಒಂದು ಯೋಜನೆ ಮುಂದಿಟ್ಟ: ಸರ್ಕಾರ ಉಗ್ರಾಣ ಕಟ್ಟಲಿ, ರೈತ ಬೆಳೆಯನ್ನು ಅಲ್ಲಿ ಇಡಲಿ, ಬೆಲೆಯ ನೂರಕ್ಕೆ 80ರಷ್ಟು ಹಣವನ್ನು ನೂರಕ್ಕೆ ಒಂದರ ಬಡ್ಡಿಯಲ್ಲಿ ಕೂಡಲೇ ಕೊಡಲಿ, ಬೆಲೆ ಬಂದಾಗ ರೈತ ಮಾರಲಿ. ಪೇಟೆಯ ಪತ್ರಿಕೆಗಳು ಹುಚ್ಚು ಅಂತ ನಕ್ಕವು. 1892ರಲ್ಲಿ ರೈತರು ಪೀಪಲ್ಸ್ ಪಾರ್ಟಿ ಅಂತ ಸ್ವಂತ ಪಕ್ಷವನ್ನೇ ಕಟ್ಟಿ ಚುನಾವಣೆಗೆ ನಿಂತರು. ಪಕ್ಷ ಉಳಿಯಲಿಲ್ಲ. ಆದರೆ ಕೂಗು ಉಳಿಯಿತು, 1916ರಲ್ಲಿ ಕಾಯಿದೆಯಾಗಿ ಬಂತು. ಫೆಡರಲ್ ಫಾರ್ಮ್ ಲೋನ್ ಕಾಯಿದೆ: ಜಮೀನಿನ ಆಧಾರದ ಮೇಲೆ ಸಾಲ, ಬಡ್ಡಿ ನೂರಕ್ಕೆ ಆರನ್ನು ದಾಟಬಾರದು, ತೀರಿಸಲು 5ರಿಂದ 40 ವರ್ಷ.

ಮ್ಯಾನ್ಸ್‌ಫೀಲ್ಡ್‌ನಲ್ಲಿ ಆ ಸಾಲ ಕೊಡಿಸುವ ಸಂಘಕ್ಕೆ ಕಾರ್ಯದರ್ಶಿ ಯಾರಾಗಿದ್ದರು? ಇದೇ ಲಾರಾ. ಸುಮಾರು ಹತ್ತು ವರ್ಷ ಆಕೆ ಸುತ್ತಲಿನ ರೈತರ ಅರ್ಜಿ ಬರೆದು, ಹತ್ತಿರ ಹತ್ತಿರ ಹತ್ತು ಲಕ್ಷ ಡಾಲರ್ ಸರ್ಕಾರಿ ಸಾಲ ಹಂಚಿಸಿದಳು. ಆಕೆಯ ಅಕ್ಕ ಮೇರಿ ಕಣ್ಣು ಕಳೆದುಕೊಂಡಾಗ ಅಂಧರ ಶಾಲೆಯ ಫೀಸು ಕಟ್ಟಿದ್ದೂ ಡಕೋಟಾ ಸರ್ಕಾರವೇ. ಇಷ್ಟಾಗಿ ಮುದುಕಿಯಾದ ಮೇಲೆ, ರೂಸ್‌ವೆಲ್ಟ್ 1933ರಲ್ಲಿ ರೈತರಿಗೆ ನೆರವು ತಂದಾಗ, ಲಾರಾ ಮತ್ತು ಮಗಳು ರೋಸ್ ಅದರ ವಿರುದ್ಧವೇ ನಿಂತರು. ಆ ಹೊತ್ತಿಗೆ ಆ ಮನೆ ನಡೆಯುತ್ತಿದ್ದುದು ಹೊಲದಿಂದಲ್ಲ, ಲೇಖನಿಯಿಂದ. ರೋಸ್ 1943ರಲ್ಲಿ ಸರ್ಕಾರದ ಹಂಗೇ ಬೇಡ ಅನ್ನುವ ಒಂದು ಪುಸ್ತಕವನ್ನೂ ಬರೆದಳು. ನಮ್ಮ ವೇದಿಕೆಗಳ ಮೇಲೆ ಉಪದೇಶವಾಗಿ ಬರುವುದು ಅದೇ ಮಾತು, ಹೊಲ ಬಿಟ್ಟು ಬಂದವರ ಮಾತು.

ಮುಂದಿನ ಸಲ ಯಾರಾದರೂ ಸಾಹೇಬರು ನಿಮ್ಮೂರಿಗೆ ಬಂದು ಅಮೆರಿಕದ ರೈತನ ಕತೆ ತೆಗೆದರೆ ಎದ್ದು ನಿಂತು ಕೇಳಿ: 1875ರ ಹಿಟ್ಟಿನ ಕಾಗದದ ಸುದ್ದಿ ಗೊತ್ತೇ ಸ್ವಾಮಿ? 160 ಎಕರೆ ಕೊಟ್ಟವರು ಯಾರು? 40 ವರ್ಷದ ಕಂತಿನ ಸಾಲ ನಿಮ್ಮ ಬ್ಯಾಂಕಿನಲ್ಲಿ ಯಾವ ಕೌಂಟರಿನಲ್ಲಿ ಸಿಗುತ್ತದೆ? ಉತ್ತರ ಬರುವ ತನಕ ಅವರನ್ನು ಕಾರು ಹತ್ತಲು ಬಿಡಬೇಡಿ.