ಹಸಿರು ಫಲಕ ದರ್ಶಿನಿಯ ಬಾಗಿಲಿಗೂ ಬರಲಿ



ಬೆಂಗಳೂರಿನ ಹೋಟೆಲ್‌ಗಳ ಪರಿಸರ ಕಾಳಜಿಯ ಮಾತು ಬಂದಾಗ ಮೊದಲು ಕೇಳಿಬರುವುದು ಪಂಚತಾರಾ ಹೋಟೆಲ್‌ಗಳ ಹೆಸರು. ಐಟಿಸಿ ಗಾರ್ಡೇನಿಯಾಕ್ಕೆ ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಮಾನ್ಯತೆ ಸಿಕ್ಕಿ ವರ್ಷಗಳೇ ಆದವು. ಐಟಿಸಿ ವಿಂಡ್ಸರ್ ಅಂತೂ ಲೀಡ್ ಝೀರೋ ಕಾರ್ಬನ್ ಪ್ರಮಾಣಪತ್ರ ಪಡೆದ ಜಗತ್ತಿನ ಮೊದಲ ಹೋಟೆಲ್. ಈ ಊರು ಹೆಮ್ಮೆಪಡಬೇಕಾದ ಸಾಧನೆಗಳಿವು, ಅನುಮಾನವಿಲ್ಲ. ಆದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಜನ ಬೆಳಗಿನ ಕಾಫಿಗೆ ಹೋಗುವುದು ಅಲ್ಲಿಗಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತು ತಿನ್ನುವ ಹೋಟೆಲ್‌ಗಳು ಬೀದಿ ಬೀದಿಗೆ ಹಬ್ಬಿದವು. ದಕ್ಷಿಣ ಬೆಂಗಳೂರಿನ ಹೊಟ್ಟೆ ತುಂಬಿಸುವುದು ಅವೇ. ಇಲ್ಲಿನ ಕಸ, ಕೊಳಚೆ, ಕರಿದ ಎಣ್ಣೆಯಲ್ಲಿ ದೊಡ್ಡ ಪಾಲೂ ಅವುಗಳದೇ. ಆ ಅಡುಗೆಮನೆಗಳನ್ನು ಪರಿಸರದ ದೃಷ್ಟಿಯಿಂದ ಅಳೆದು ಅಂಕ ಕೊಡುವ ವ್ಯವಸ್ಥೆ ಮಾತ್ರ ಇಂದಿಗೂ ಬಂದಿಲ್ಲ.

ಇರುವ ವ್ಯವಸ್ಥೆಗಳನ್ನೇ ನೋಡಬಹುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ನಕ್ಷತ್ರ ದರ್ಜೆ ಕೊಡುವಾಗ ಕೊಳಚೆ ನೀರು ಶುದ್ಧೀಕರಣ, ಮಳೆನೀರು ಕೊಯ್ಲು, ಕಸ ನಿರ್ವಹಣೆಯನ್ನು ಗಮನಿಸುತ್ತದೆ. ಆದರೆ ಅದು ತಂಗುವ ಹೋಟೆಲ್‌ಗಳ ಮಾತು, ಅದೂ ಅವರು ತಾವಾಗಿ ಅರ್ಜಿ ಹಾಕಿದರೆ. ಲೀಡ್, ಐಜಿಬಿಸಿ, ಗೃಹ ಎಂಬ ಮಾನ್ಯತಾ ಪದ್ಧತಿಗಳೆಲ್ಲ ಮುಖ್ಯವಾಗಿ ಕಟ್ಟಡವನ್ನು ಅಳೆಯುತ್ತವೆ. ಹಳೆಯ ಮನೆಯ ನೆಲಮಹಡಿಯನ್ನು ಬಾಡಿಗೆಗೆ ಹಿಡಿದು ಇಡ್ಲಿ ಬೇಯಿಸುವವರಿಗೆ ಅವು ಎಟುಕುವಂಥವಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ರೇಟಿಂಗ್ ನೋಡುವುದು ಅಡುಗೆಯ ಶುಚಿತ್ವವನ್ನು. ತಟ್ಟೆಯಲ್ಲಿ ಉಳಿದ ಅನ್ನ ಎಲ್ಲಿಗೆ ಹೋಯಿತು ಎಂದು ಅದು ಕೇಳುವುದಿಲ್ಲ.

ಹೆಚ್ಚು ಬೇಸರ ತರಿಸುವುದು ಸ್ವಚ್ಛತಾ ಗ್ರೀನ್ ಲೀಫ್ ರೇಟಿಂಗ್‌ನ ಕಥೆ. 2023ರಲ್ಲಿ ಬಂದ ಈ ಪದ್ಧತಿಯಲ್ಲಿ 200 ಅಂಕ: ಮಲತ್ಯಾಜ್ಯ ನಿರ್ವಹಣೆಗೆ 80, ಘನತ್ಯಾಜ್ಯಕ್ಕೆ 80, ಬಚ್ಚಲು-ಅಡುಗೆಮನೆಯ ಬೂದುನೀರಿಗೆ 40. ಅಂಕಕ್ಕೆ ತಕ್ಕಂತೆ ಒಂದು, ಮೂರು ಅಥವಾ ಐದು ಹಸಿರೆಲೆ. ಗೋಡೆಯ ಮೇಲೆ ನೋಡಿದವರಿಗೆ ತಕ್ಷಣ ಅರ್ಥವಾಗುವಷ್ಟು ಸರಳ. ಆದರೆ ಅದು ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯಡಿ ಹುಟ್ಟಿದ್ದು. ಅದರ ಗಮನವೆಲ್ಲ ಹಳ್ಳಿಗಾಡಿನ ಪ್ರವಾಸಿ ತಾಣಗಳ ರೆಸಾರ್ಟ್, ಹೋಂಸ್ಟೇಗಳ ಕಡೆಗೆ. ಕಾಡಂಚಿನ ಹೋಂಸ್ಟೇಗೆ ಸಿಗಬಹುದಾದ ಎಲೆ ಬನಶಂಕರಿಯ ಉಪಾಹಾರ ಮಂದಿರಕ್ಕೆ ಏಕೆ ಸಿಗಬಾರದು?

ಅಳತೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಬೇಸಿಗೆ ತೋರಿಸಿತು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಏರಿ, ಊರೆಲ್ಲ ನೀರಿಗೆ ಪರದಾಡಿದ ದಿನಗಳವು. ಮಾರ್ಚ್‌ನಲ್ಲಿ ಜಲಮಂಡಳಿ ಹೋಟೆಲ್, ಮಾಲ್, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು. ನಲ್ಲಿಯ ಬಾಯಿಗೆ ಸಿಕ್ಕಿಸುವ ಈ ಪುಟ್ಟ ಸಾಧನ ನೀರಿಗೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುತ್ತದೆ, ಕೈ ತೊಳೆಯುವವರಿಗೆ ವ್ಯತ್ಯಾಸ ಗೊತ್ತಾಗದು. ಒಳ್ಳೆಯ ಆದೇಶ. ಅದೇ ಹೊತ್ತಿನಲ್ಲಿ ಹಲವು ಹೋಟೆಲ್‌ಗಳು ಮುಸುರೆ ತೊಳೆಯುವ ನೀರು ಉಳಿಸಲೆಂದು ಸ್ಟೀಲ್ ತಟ್ಟೆ-ಲೋಟ ಬಿಟ್ಟು ಬಳಸಿ ಬಿಸಾಡುವ ತಟ್ಟೆ, ಪೇಪರ್ ಕಪ್ ಹಿಡಿದವು. ನೀರಿನ ಲೆಕ್ಕದಲ್ಲಿ ಉಳಿದದ್ದು ಕಸದ ಲೆಕ್ಕದಲ್ಲಿ ಕಳೆಯಿತು. ಪೇಪರ್ ಕಪ್ ಎಂದರೂ ಅದರ ಒಳಮೈಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಅಂಥ ಕಪ್‌ನಲ್ಲಿ 100 ಮಿ.ಲೀ. ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ ಎಂದು ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲೇ ತಿಳಿಸಿದ್ದರು. ಸ್ಟೀಲ್ ಲೋಟದ ಕಾಫಿ ಈ ಭಾಗದ ಹೋಟೆಲ್‌ಗಳ ಹಳೆಯ ಹಸಿರು ಪದ್ಧತಿ. ಅದಕ್ಕೆ ಅಂಕ ಕೊಡುವವರು ಇಲ್ಲದ್ದರಿಂದ ಕಷ್ಟ ಬಂದಾಗ ಮೊದಲು ಕೈಬಿಟ್ಟದ್ದೂ ಅದನ್ನೇ.

ಇಡ್ಲಿಯ ಕಥೆ ಇನ್ನೂ ಕಳವಳಕಾರಿ. 2016ರ ಮಾರ್ಚ್‌ನಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧವಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ. ಹಾಗಿದ್ದೂ 2025ರ ಫೆಬ್ರುವರಿಯಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳು ರಾಜ್ಯದ ಹೋಟೆಲ್‌ಗಳನ್ನು ತಪಾಸಣೆ ಮಾಡಿದಾಗ, ಇಡ್ಲಿ ಪಾತ್ರೆಯಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು ಐವತ್ತಕ್ಕೂ ಹೆಚ್ಚು ಕಡೆ ಕಂಡುಬಂತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿದರು. ನಿಷೇಧದ ಮೇಲೆ ನಿಷೇಧ ಬರುತ್ತಿದೆ. ಬಟ್ಟೆಯಲ್ಲೇ ಬೇಯಿಸುತ್ತ ಬಂದ ಹೋಟೆಲ್ ಯಾವುದು ಎಂದು ಗಿರಾಕಿಗೆ ತಿಳಿಯುವ ದಾರಿ ಮಾತ್ರ ಇಲ್ಲ.

ಹಸಿ ಕಸದ ಬಗ್ಗೆ ಕಾನೂನು ಮೊದಲೇ ಇದೆ. 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಹೋಟೆಲ್, ರೆಸ್ಟೋರೆಂಟ್‌ಗಳಿಗೆ ಒಂದು ವರ್ಷದ ಗಡುವು ಕೊಟ್ಟಿದ್ದವು: ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕು, ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರ ಅಥವಾ ಅನಿಲ ಮಾಡಬೇಕು. ಗಡುವು ಮುಗಿದು ಎಷ್ಟೋ ವರ್ಷಗಳಾದವು. ಬಿಟಿಎಂನ ಪಿಜಿಗಳ ಸಾಲಿನಲ್ಲಿ, ಬಾಗಿಲು ಮುಚ್ಚಿ ಪಾರ್ಸೆಲ್ಲಿಗಷ್ಟೇ ಅಡುಗೆ ಮಾಡುವ ಕ್ಲೌಡ್ ಕಿಚನ್‌ಗಳಲ್ಲಿ ಇಂಥ ನಿಯಮ ಎಷ್ಟು ಪಾಲನೆಯಾಗುತ್ತಿದೆ ಎಂಬುದನ್ನು ರಾತ್ರಿ ಹತ್ತರ ಮೇಲೆ ರಸ್ತೆ ತಿರುವುಗಳಲ್ಲಿ ಬಿದ್ದ ಚೀಲಗಳೇ ಹೇಳುತ್ತವೆ. ಬೆಳಗ್ಗೆ ಅವನ್ನು ಬರಿಗೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು.

ಕಣ್ಣಿಗೆ ಬೀಳದ್ದು ಜಿಡ್ಡು. ಹೋಟೆಲ್ ಮೋರಿಗೆ ಜಿಡ್ಡನ್ನು ತಡೆದಿಡುವ ಗ್ರೀಸ್ ಟ್ರ್ಯಾಪ್ ಇಲ್ಲದಿದ್ದರೆ, ಇದ್ದರೂ ವಾರಕ್ಕೊಮ್ಮೆ ತೆಗೆಯದಿದ್ದರೆ, ಎಣ್ಣೆ-ತುಪ್ಪ ಒಳಚರಂಡಿಯ ಕೊಳವೆಯಲ್ಲಿ ಗಟ್ಟಿಕಟ್ಟುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿ ಇಂಥದ್ದೇ ಜಿಡ್ಡಿನ ಗಡ್ಡೆ ಸಿಕ್ಕಿತು: 250 ಮೀಟರ್ ಉದ್ದ, 130 ಟನ್ ತೂಕ. ನಮ್ಮಲ್ಲಿ ಕೊಳವೆ ಕಟ್ಟಿದರೆ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ರಾಜಕಾಲುವೆ ಸೇರುತ್ತದೆ. ಜಯನಗರ, ಬಿಟಿಎಂ ಕಡೆಯದು ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರಿನತ್ತ ಹೋದರೆ, ಬನಶಂಕರಿಯ ಪಶ್ಚಿಮದ್ದು ವೃಷಭಾವತಿಗೆ. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿದ್ದನ್ನೂ 2017, 2018ರಲ್ಲಿ ಬೆಂಕಿ ಹೊತ್ತಿದ್ದನ್ನೂ ಊರು ಮರೆತಿಲ್ಲ. ಕರಿದ ಎಣ್ಣೆಗೂ ಮಿತಿಯಿದೆ: ಅದರಲ್ಲಿ ಪೋಲಾರ್ ಸಂಯುಕ್ತಗಳು ಶೇ 25 ಮೀರಿದರೆ ಅಡುಗೆಗೆ ಬಳಸುವಂತಿಲ್ಲ, ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಇಡಬೇಕು. ಹೀಗೆ ತೆಗೆದಿಟ್ಟ ಎಣ್ಣೆಯಿಂದ ಜೈವಿಕ ಡೀಸೆಲ್ ಆಗುತ್ತದೆ.

ಇದನ್ನೆಲ್ಲ ಅಳೆಯಬೇಕು, ಆದರೆ ಬರೀ ಘೋಷಣೆಯ ಹಸಿರನ್ನು ಜಗತ್ತು ಈಗ ಒಪ್ಪುತ್ತಿಲ್ಲ. ಬುಕಿಂಗ್ ಡಾಟ್ ಕಾಮ್ ಹೋಟೆಲ್‌ಗಳಿಗೆ ಕೊಡುತ್ತಿದ್ದ ಸುಸ್ಥಿರತೆಯ ಲಾಂಛನವನ್ನು ನೆದರ್ಲೆಂಡ್ಸ್‌ನ ಗ್ರಾಹಕ ಪ್ರಾಧಿಕಾರದ ಆಕ್ಷೇಪಣೆಯ ನಂತರ 2024ರಲ್ಲಿ ಕೈಬಿಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಆಧಾರವಿಲ್ಲದ ಪರಿಸರ ಸ್ನೇಹಿ ಪ್ರಚಾರದ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಆದ್ದರಿಂದ ಕೇಳುತ್ತಿರುವುದು ಮತ್ತೊಂದು ಸ್ಟಿಕ್ಕರ್ ಅಲ್ಲ, ಪರಿಶೀಲಿಸಿ ಕೊಡುವ ಅಂಕ.

ಬಾಡಿಗೆ, ಗ್ಯಾಸ್, ಕಾಫಿಪುಡಿಯ ಬೆಲೆಯಲ್ಲೇ ಹೈರಾಣಾಗಿದ್ದೇವೆ, ಗೊಬ್ಬರದ ತೊಟ್ಟಿಗೆ ಜಾಗ ಎಲ್ಲಿಂದ ತರಲಿ ಎಂದು ಸಣ್ಣ ಹೋಟೆಲಿನವರು ಕೇಳುವುದು ನ್ಯಾಯವೇ. ಆ ಭಾರವನ್ನು ಒಬ್ಬೊಬ್ಬರ ಮೇಲೆ ಹೊರಿಸಬೇಕಾಗಿಲ್ಲ. ಒಂದು ಬಡಾವಣೆಯ ಹೋಟೆಲ್‌ಗಳಿಗೆಲ್ಲ ಸೇರಿ ಒಂದು ಅನಿಲ ಘಟಕಕ್ಕೆ ಪಾಲಿಕೆ ಜಾಗ ಕೊಡಬಹುದು. ಹಂಚಿ ಬಳಸುವ ಮಾದರಿ ಪಕ್ಕದಲ್ಲೇ ಇದೆ: ಬಸವನಗುಡಿ ಕಡೆಯ ಅದಮ್ಯ ಚೇತನ ಸಂಸ್ಥೆ ಸ್ಟೀಲ್ ತಟ್ಟೆ-ಲೋಟಗಳ ಬ್ಯಾಂಕ್ ಇಟ್ಟು ಸಮಾರಂಭಗಳಿಗೆ ಕೊಡುತ್ತ ಬಂದಿದೆ. ಮಳೆನೀರು ಕೊಯ್ಲು ಕಲಿಯಲು ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯದೇ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ. ಕೊರತೆಗೆ ತಕ್ಕಂತೆ ಅಡುಗೆಮನೆಯನ್ನು ಬದಲಿಸಿಕೊಳ್ಳುವುದು ಇಲ್ಲಿನ ಹೋಟೆಲಿನವರಿಗೆ ಹೊಸದೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಎಂಟಿಆರ್ ರವೆ ಇಡ್ಲಿ ಮಾಡಿ ಬಡಿಸಿತು.

ಇಂದು ಪಾಲಿಕೆಯ ಆರೋಗ್ಯ ಪರಿವೀಕ್ಷಕರು, ಜಲಮಂಡಳಿ, ಆಹಾರ ಸುರಕ್ಷತಾ ಅಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿ ಬೇರೆಬೇರೆಯಾಗಿ ಬರುತ್ತಾರೆ, ಬೇರೆಬೇರೆ ಕಾಗದ ಕೇಳುತ್ತಾರೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇವರನ್ನು ಒಂದೇ ತಪಾಸಣೆಗೆ ಕೂಡಿಸಿ, ಗ್ರೀನ್ ಲೀಫ್ ಪದ್ಧತಿಯನ್ನೇ ನಗರಕ್ಕೆ ಹೊಂದಿಸಬೇಕು: ಹಸಿ ಕಸ, ನೀರು, ಜಿಡ್ಡು, ಎಣ್ಣೆ, ಪ್ಲಾಸ್ಟಿಕ್. ಅಂಕಪಟ್ಟಿ ಕ್ಯಾಷ್ ಕೌಂಟರಿನ ಪಕ್ಕ ಕನ್ನಡದಲ್ಲಿ ತೂಗಬೇಕು. ಹೆಚ್ಚು ಅಂಕದ ಸಣ್ಣ ಹೋಟೆಲಿಗೆ ಪರವಾನಗಿ ಶುಲ್ಕದಲ್ಲಿ ರಿಯಾಯಿತಿ ಸಿಗಬೇಕು, ಪಾರ್ಸೆಲ್ ಆ್ಯಪ್‌ಗಳಲ್ಲೂ ಆ ಅಂಕ ಕಾಣಬೇಕು. ಉದ್ದಿಮೆ ಪರವಾನಗಿಯ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ. ಮುಂದಿನ ನವೀಕರಣದ ಅರ್ಜಿಯ ಜೊತೆಗೇ ಈ ಅಂಕಪಟ್ಟಿಯನ್ನು ಜಯನಗರದಿಂದ ಬಿಟಿಎಂವರೆಗಿನ ಹೋಟೆಲ್‌ಗಳಿಗೆ ಹಂಚಲು ಪಾಲಿಕೆಗೆ ಹೊಸ ಕಾನೂನೇನೂ ಬೇಕಿಲ್ಲ.

— ಓದುಗರೊಬ್ಬರು, ಜಯನಗರ, ಬೆಂಗಳೂರು