ಕಣ್ಣೀರನ್ನು ಅಲ್ಲಗಳೆಯದ ಸಂತೋಷ

ಕಷ್ಟಕಾಲದಲ್ಲೂ ಸಂತೋಷವಾಗಿರಿ ಎಂಬ ಕ್ರೈಸ್ತ ಬೋಧನೆಗೆ ಮುಖ್ಯ ಆಧಾರ ಒಬ್ಬ ಕೈದಿಯ ಪತ್ರ. ಹೊಸ ಒಡಂಬಡಿಕೆಯಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ಎಂದು ಹೆಸರಾದ ಈ ಬರಹಕ್ಕೆ ನಾಲ್ಕೇ ಅಧ್ಯಾಯ, 104 ವಚನ. ಇಷ್ಟು ಚಿಕ್ಕ ಪತ್ರದಲ್ಲಿ ಸಂತೋಷದ ಮಾತು ಹನ್ನೆರಡಕ್ಕೂ ಹೆಚ್ಚು ಸಲ ಬಂದುಹೋಗುತ್ತದೆ. ಬರೆದವನು ಅಪೊಸ್ತಲ ಪೌಲ. ಆಗ ಅವನು ಬೇಡಿಯಲ್ಲಿದ್ದ, ಮೊಕದ್ದಮೆ ಇತ್ಯರ್ಥವಾಗಿರಲಿಲ್ಲ, ತೀರ್ಪು ಮರಣದಂಡನೆಯೂ ಆಗಬಹುದಿತ್ತು. ಆ ಸೆರೆ ಯಾವ ಊರಿನದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕ್ರಿ.ಶ. 60ರ ಆಸುಪಾಸಿನ ರೋಮ್ ಎನ್ನುವುದು ಹಳೆಯ ಅಭಿಪ್ರಾಯ; ಎಫೆಸ ಎನ್ನುವವರೂ ಕೈಸರೈಯ ಎನ್ನುವವರೂ ಇದ್ದಾರೆ. ಎಲ್ಲಿಂದಲೇ ಹೊರಟಿರಲಿ, ಅದು ಬಿಡುವಿನಲ್ಲಿ ಕುಳಿತು ಬರೆದ ತತ್ತ್ವಗ್ರಂಥವಲ್ಲ. ಫಿಲಿಪ್ಪಿ ಊರಿನ ಕ್ರೈಸ್ತರು ಕಳುಹಿಸಿಕೊಟ್ಟ ನೆರವು ಕೈಸೇರಿತೆಂದು ತಿಳಿಸುವ ಕೃತಜ್ಞತೆಯ ಓಲೆ.

ಫಿಲಿಪ್ಪಿ ಇದ್ದದ್ದು ಮಕೆದೋನ್ಯದಲ್ಲಿ, ಅಂದರೆ ಈಗಿನ ಉತ್ತರ ಗ್ರೀಸಿನಲ್ಲಿ. ಅಲೆಕ್ಸಾಂಡರನ ತಂದೆ ಎರಡನೆಯ ಫಿಲಿಪ್ ಕ್ರಿ.ಪೂ. 356ರಲ್ಲಿ ಅದನ್ನು ವಶಪಡಿಸಿಕೊಂಡು ತನ್ನ ಹೆಸರಿಟ್ಟ. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಮತ್ತು ಕ್ಯಾಸಿಯಸ್ ಕ್ರಿ.ಪೂ. 42ರಲ್ಲಿ ಸೋತು ಪ್ರಾಣಬಿಟ್ಟದ್ದು ಇಲ್ಲಿಯೇ. ಆಮೇಲೆ ರೋಮನ್ ಸೈನ್ಯದ ನಿವೃತ್ತ ಯೋಧರಿಗೆ ಇಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿದರು. ಊರು ರೋಮಿನ ವಸಾಹತಾಯಿತು. ಅದರ ಅವಶೇಷಗಳು 2016ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಕ್ರಿ.ಶ. 50ರ ಹೊತ್ತಿಗೆ ಪೌಲ ಅಲ್ಲಿಗೆ ಬಂದಾಗ ಅವನ ಮಾತನ್ನು ಮೊದಲು ನಂಬಿದವಳು ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಎಂಬ ವ್ಯಾಪಾರಿ ಹೆಂಗಸು. ಕಣಿ ಹೇಳಿ ಒಡೆಯರಿಗೆ ಹಣ ತರುತ್ತಿದ್ದ ಒಬ್ಬ ದಾಸಿಯನ್ನು ಪೌಲ ಆ ಕಾಟದಿಂದ ಬಿಡಿಸಿದ್ದೇ ನೆಪವಾಗಿ ಗಲಭೆ ಎದ್ದಿತು. ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಕೋಲುಗಳಿಂದ ಹೊಡೆಸಿ, ಸೆರೆಮನೆಯ ಒಳಕೋಣೆಗೆ ತಳ್ಳಿ ಕಾಲಿಗೆ ಕೋಳ ತೊಡಿಸಿದರು. ಆ ಇಬ್ಬರು ನಡುರಾತ್ರಿಯಲ್ಲಿ ಪ್ರಾರ್ಥಿಸುತ್ತ ಹಾಡುತ್ತಿದ್ದರು, ಉಳಿದ ಕೈದಿಗಳು ಕಿವಿಗೊಟ್ಟಿದ್ದರು ಎನ್ನುತ್ತದೆ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ. ಫಿಲಿಪ್ಪಿಯ ಸಭೆಗೆ ಪೌಲನ ಸೆರೆವಾಸ ಹೊಸ ಸುದ್ದಿಯೇನೂ ಆಗಿರಲಿಲ್ಲ. ಅವನ ಬೆನ್ನ ಮೇಲಿನ ಬಾಸುಂಡೆ ಎದ್ದದ್ದು ಅವರ ಊರಿನಲ್ಲಿಯೇ.

ರೋಮನ್ನರ ಕಾಲದಲ್ಲಿ ಸೆರೆಮನೆ ಎಂದರೆ ಹೆಚ್ಚಾಗಿ ವಿಚಾರಣೆ ಮುಗಿಯುವ ತನಕ ಇಟ್ಟುಕೊಳ್ಳುವ ಜಾಗ. ಊಟ, ಬಟ್ಟೆ, ಔಷಧಿಯನ್ನು ಕೈದಿಯ ಕಡೆಯವರೇ ನೋಡಿಕೊಳ್ಳಬೇಕಿತ್ತು. ಫಿಲಿಪ್ಪಿಯವರು ಎಪಫ್ರೊದೀತ ಎಂಬವನ ಕೈಯಲ್ಲಿ ನೆರವು ಕಳುಹಿಸಿದ್ದರು. ಬಂದವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿ ಚೇತರಿಸಿಕೊಂಡ. ಅವನೇನಾದರೂ ಸತ್ತಿದ್ದರೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಪೌಲ ಯಾವ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಇನ್ನೊಂದೆಡೆ, ತಪ್ಪುದಾರಿ ಹಿಡಿದವರ ವಿಷಯ ಹೇಳುವಾಗ ಅಳುತ್ತಲೇ ಹೇಳುತ್ತಿದ್ದೇನೆ ಎನ್ನುತ್ತಾನೆ. ತನ್ನ ಸೆರೆವಾಸವನ್ನು ಕಂಡು ಹೊಟ್ಟೆಕಿಚ್ಚಿನಿಂದ ಪೈಪೋಟಿಯ ಬೋಧನೆ ನಡೆಸುವವರಿದ್ದಾರೆಂಬುದೂ ಅವನಿಗೆ ಗೊತ್ತು. ಸಭೆಯಲ್ಲಿ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಹೊಂದಿಕೆಯಿಲ್ಲ. ಅವರಿಗೆ ಹೆಸರು ಹಿಡಿದೇ ಬುದ್ಧಿ ಹೇಳುತ್ತಾನೆ. ಯಾವಾಗಲೂ ಸಂತೋಷಪಡಿ ಎಂಬ ಪ್ರಸಿದ್ಧ ಕರೆ ಬರುವುದು ಈ ಜಗಳದ ಪ್ರಸ್ತಾಪದ ಬೆನ್ನಿಗೇ. ಆ ಒಂದು ವಚನವನ್ನು ಮಾತ್ರ ಕಿತ್ತು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿದಾಗ ಕಾಯಿಲೆ, ಅಳು, ಮತ್ಸರ, ಮನಸ್ತಾಪ ಎಲ್ಲವೂ ಹಾಳೆಯಿಂದ ಹೊರಗುಳಿಯುತ್ತವೆ. ಕ್ರೈಸ್ತ ಸಂತೋಷದ ಬಗೆಗಿನ ಅರ್ಧ ತಪ್ಪುತಿಳಿವಳಿಕೆಗೆ ಈ ಕತ್ತರಿಯೇ ಕಾರಣ ಎಂದರೆ ತಪ್ಪಾಗದು.

ಪೌಲನ ಕಾಲದಲ್ಲಿಯೇ ಕಷ್ಟವನ್ನು ಗೆಲ್ಲುವ ಇನ್ನೊಂದು ದಾರಿ ರೋಮಿನಲ್ಲಿ ಪ್ರಚಲಿತವಾಗಿತ್ತು. ಸ್ಟೋಯಿಕ್ ತತ್ತ್ವಜ್ಞಾನಿ ಸೆನೆಕಾ ತನ್ನ ಗೆಳೆಯ ಲ್ಯುಸಿಲಿಯಸನಿಗೆ ಬರೆದ 23ನೆಯ ಪತ್ರದಲ್ಲಿ ನಿಜವಾದ ಸಂತೋಷ ನಗುಮೊಗದ ಹಗುರ ಸಂಗತಿಯಲ್ಲ, ಗಂಭೀರವಾದದ್ದು, ಅದರ ಬುಗ್ಗೆ ಮನುಷ್ಯನ ಒಳಗೇ ಇರಬೇಕು ಎಂದು ವಾದಿಸುತ್ತಾನೆ. (ಕೊರಿಂಥದಲ್ಲಿ ಪೌಲನ ಮೇಲಿನ ದೂರನ್ನು ತಳ್ಳಿಹಾಕಿದ ಅಧಿಕಾರಿ ಗಲ್ಲಿಯೋ ಇದೇ ಸೆನೆಕಾನ ಅಣ್ಣ.) ಪೌಲನೂ ಸಮೃದ್ಧಿಯಲ್ಲಿ, ಕೊರತೆಯಲ್ಲಿ ಒಂದೇ ರೀತಿ ಇರಲು ಕಲಿತಿದ್ದೇನೆ ಎನ್ನುವಾಗ ಥೇಟ್ ಸ್ಟೋಯಿಕನಂತೆ ಕೇಳಿಸುತ್ತಾನೆ. ಆದರೆ ಸ್ಟೋಯಿಕ್ ಜ್ಞಾನಿಗೆ ಹೊರಗಿನ ಯಾರೂ ಬೇಕಿಲ್ಲ; ಯಾರು ಸತ್ತರೂ ಅವನ ನೆಮ್ಮದಿ ಕದಲಬಾರದು. ಪೌಲನ ನೆಮ್ಮದಿ ಮಾತ್ರ ಒಬ್ಬ ಗೆಳೆಯನ ಕಾಯಿಲೆಗೆ ಕದಲುತ್ತದೆ. ಅವನ ಸಂತೋಷದ ಬೇರು ಕ್ರಿಸ್ತನಲ್ಲಿದೆ, ಕೊಂಬೆಗಳು ಜನರ ನಡುವೆ ಇವೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಇದೇ ಮಕೆದೋನ್ಯದ ಸಭೆಗಳ ಮಾತು ಬರುತ್ತದೆ: ಕಡುಬಡತನದಲ್ಲಿದ್ದರೂ ಅವರ ಸಂತೋಷ ಧಾರಾಳವಾದ ದಾನವಾಗಿ ಹೊರಬಿತ್ತಂತೆ. ಕೈಯಲ್ಲಿ ಹೆಚ್ಚೇನೂ ಇಲ್ಲದವರು ಬೇರೆ ಊರಿನ ಬಡವರಿಗೆ ಹಣ ಕೂಡಿಸಿದರು. ಇಲ್ಲಿ ಸಂತೋಷ ಮನಸ್ಸಿನ ಒಂದು ಸ್ಥಿತಿ ಎನ್ನುವುದಕ್ಕಿಂತ ಜನ ಕೂಡಿ ಮಾಡುವ ಕೆಲಸ.

ಈ ಚಿಂತನೆಯ ಹಿನ್ನೆಲೆ ಯೆಹೂದ್ಯ ಧರ್ಮಗ್ರಂಥದ್ದು. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ. ದೇವರ ಮುಂದೆ ದೂರು ಹೇಳುವುದು, ಎಲ್ಲಿಯ ತನಕ ಎಂದು ಕೇಳುವುದು, ಮುಖ ಮರೆಸಿಕೊಂಡೆಯಾ ಎಂದು ತಕರಾರು ತೆಗೆಯುವುದು ಅಲ್ಲಿ ಅಪನಂಬಿಕೆ ಎನಿಸಿಕೊಳ್ಳುವುದಿಲ್ಲ. ಬಹುತೇಕ ಪ್ರಲಾಪಗಳು ಕೊನೆಯಲ್ಲಿ ಸ್ತುತಿಯ ಕಡೆಗೆ ಹೊರಳುತ್ತವೆ. 88ನೆಯದು ಹೊರಳುವುದೇ ಇಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಹಾಗೆ ನಿಂತದ್ದನ್ನೂ ಪವಿತ್ರ ಗ್ರಂಥದೊಳಗೆ ಉಳಿಸಿಕೊಂಡವರ ದಿಟ್ಟತನ ಮೆಚ್ಚತಕ್ಕದ್ದು. ಬಾಬಿಲೋನಿನ ದಂಡು ಎದ್ದುಬರುತ್ತಿದ್ದ ಕಾಲದ ಪ್ರವಾದಿ ಹಬಕ್ಕೂಕ ತನ್ನ ಪುಸ್ತಕವನ್ನು ಮೊದಲಿಡುವುದು ದೂರಿನಿಂದ. ಮುಗಿಸುವುದು ಅಂಜೂರ ಫಲಿಸದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ ದನ ಇಲ್ಲವಾದರೂ ದೇವರಲ್ಲಿ ಆನಂದಿಸುತ್ತೇನೆಂಬ ಸಂಕಲ್ಪದಿಂದ. ನಷ್ಟವನ್ನು ಒಂದೊಂದಾಗಿ ಎಣಿಸಿ ಮುಗಿಸುವ ತನಕ ಅವನು ಆನಂದದ ಮಾತೆತ್ತುವುದಿಲ್ಲ. ಯೇಸು ತನ್ನ ಸಂತೋಷ ಶಿಷ್ಯರಲ್ಲಿ ಇರಲಿ ಎಂದದ್ದು ಬಂಧನಕ್ಕೊಳಗಾದ ರಾತ್ರಿ ಎನ್ನುತ್ತದೆ ಯೋಹಾನನ ಸುವಾರ್ತೆ. ಅದೇ ರಾತ್ರಿ ಪಸ್ಕದ ಊಟ ಮುಗಿಸಿ ಕೀರ್ತನೆ ಹಾಡಿ ಹೊರಟ ಯೇಸು ಗೆತ್ಸೆಮನೆಯ ತೋಟದಲ್ಲಿ ಜೀವ ಹೋಗುವಷ್ಟು ದುಃಖಪಟ್ಟನೆಂದು ಮಾರ್ಕ ಬರೆಯುತ್ತಾನೆ.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಸಂತೋಷವನ್ನು ಪ್ರೀತಿಯ ಫಲವೆಂದು ವಿವರಿಸಿ, ಅದರಲ್ಲಿ ದುಃಖ ಬೆರೆಯಬಹುದೇ ಎಂಬ ಪ್ರಶ್ನೆಯನ್ನು ಬೇರೆಯಾಗಿಯೇ ಎತ್ತಿಕೊಂಡ. ದೇವರ ಒಳ್ಳೆಯತನವನ್ನು ನೆನೆದು ಪಡುವ ಸಂತೋಷದಲ್ಲಿ ದುಃಖಕ್ಕೆ ಎಡೆಯಿಲ್ಲ. ಆ ಒಳ್ಳೆಯತನ ಈ ಲೋಕದಲ್ಲಿ ನಮಗೂ ನೆರೆಯವರಿಗೂ ಪೂರ್ತಿ ದಕ್ಕದಿರುವಾಗ ದುಃಖ ಬೆರೆತೇ ಬರುತ್ತದೆ ಎಂಬುದು ಅವನ ಉತ್ತರ. ಪಂಡಿತರಿಗೆ ಇಷ್ಟು ಸಾಕು. ಸಾಮಾನ್ಯ ಜನಕ್ಕೆ ಇದನ್ನು ಕಲಿಸಿದ್ದು ಪೂಜೆಯ ಪಂಚಾಂಗ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲವೂ ಈಸ್ಟರಿಗೆ ಮುಂಚಿನ ತಪಸ್ಸು ಕಾಲವೂ ನೇರಳೆ ಬಣ್ಣದ, ಸಂಯಮದ ದಿನಗಳು. ಆಗಮನ ಕಾಲದ ಮೂರನೆಯ ಭಾನುವಾರ ಮತ್ತು ತಪಸ್ಸು ಕಾಲದ ನಾಲ್ಕನೆಯ ಭಾನುವಾರ ಮಾತ್ರ ಕೆಥೋಲಿಕ್ ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರ ತೊಡಬಹುದು. ಇವುಗಳ ಲ್ಯಾಟಿನ್ ಹೆಸರು ಗೌದೆತೆ, ಲೆತಾರೆ. ಎರಡೂ ಸಂತೋಷಪಡಲು ಕರೆಯುವ ಮಾತುಗಳು. ಮೊದಲನೆಯದು ಬಂದದ್ದು ಫಿಲಿಪ್ಪಿಯ ಪತ್ರದಿಂದಲೇ. ಉಪವಾಸ ಮುಗಿದ ಮೇಲೆ ಹೇಗೂ ಹಬ್ಬವಿದೆ. ಇಲ್ಲಿ ಉಪವಾಸದ ನಡುವೆಯೇ ಒಂದು ದಿನ ಸಂತೋಷಕ್ಕೆ ಮೀಸಲು.

ಹಾಡಿನ ದಾರಿಯಲ್ಲಿ ಈ ವಿಷಯವನ್ನು ಅತಿ ಆಳಕ್ಕೆ ಒಯ್ದವನು ಜರ್ಮನಿಯ ಪಾವುಲ್ ಗೆರ್‌ಹಾರ್ಟ್. ಹುಟ್ಟಿದ್ದು 1607ರಲ್ಲಿ, ಸ್ಯಾಕ್ಸನಿಯ ಒಂದು ಸಣ್ಣ ಊರಿನಲ್ಲಿ. ಬಾಲ್ಯದಲ್ಲಿಯೇ ತಂದೆತಾಯಿ ತೀರಿಕೊಂಡರು. 1618ರಿಂದ 1648ರ ತನಕ ನಡೆದ ಮೂವತ್ತು ವರ್ಷಗಳ ಯುದ್ಧ ಅವನ ಹರೆಯವನ್ನು ಪೂರ್ತಿ ನುಂಗಿತು. 1637ರಲ್ಲಿ ಸ್ವೀಡನ್ನಿನ ಪಡೆ ಅವನ ಹುಟ್ಟೂರನ್ನು ಸುಟ್ಟಿತು. ಬೇಸಗೆಯ ತೋಟದಲ್ಲಿ ಸಂತೋಷವನ್ನು ಹುಡುಕಿಕೊಂಡು ಹೋಗುವಂತೆ ತನ್ನ ಹೃದಯಕ್ಕೇ ಹೇಳುವ ಅವನ ಪ್ರಸಿದ್ಧ ಗೀತೆ ಅಚ್ಚಾದದ್ದು ಯುದ್ಧ ನಿಂತು ಐದು ವರ್ಷಕ್ಕೆ, 1653ರಲ್ಲಿ. ಆಗಲೂ ಅವನ ಕಷ್ಟ ತೀರಿರಲಿಲ್ಲ. ಮುಂದೆ ಹುಟ್ಟಿದ ಐದು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ಸತ್ತವು. ಧರ್ಮದ ವಿಷಯದಲ್ಲಿ ಅರಸ ಹೊರಡಿಸಿದ ಆಜ್ಞೆಗೆ ಸಹಿ ಹಾಕಲೊಪ್ಪದೆ 1666ರಲ್ಲಿ ಬರ್ಲಿನ್ನಿನ ಸೇಂಟ್ ನಿಕೊಲಾಸ್ ಚರ್ಚಿನ ಕೆಲಸ ಕಳೆದುಕೊಂಡ; 1668ರಲ್ಲಿ ಹೆಂಡತಿಯೂ ಹೋದಳು. ಅವನ ಗೀತೆಗಳು ಇಂದಿಗೂ ಜರ್ಮನ್ ಚರ್ಚುಗಳ ಗೀತಪುಸ್ತಕದಲ್ಲಿವೆ. ಇದೇ ಜರ್ಮನ್ ಹಾಡಿನ ಪರಂಪರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಕನ್ನಡಕ್ಕೂ ಇಳಿಯಿತು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಹಳೆಯ ಮಿಷನ್ ಚರ್ಚುಗಳಲ್ಲಿ ಜರ್ಮನ್ ರಾಗಕ್ಕೆ ಕೂರಿಸಿದ ಕನ್ನಡ ಗೀತೆಗಳು ತಲೆಮಾರುಗಳಿಂದ ಮದುವೆಗೂ ಮರಣಕ್ಕೂ ಜೊತೆಯಾಗಿವೆ.

ಗೆರ್‌ಹಾರ್ಟನ ಹಾಡುಗಳು ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಂದು ಸೆರೆಮನೆ ಹೊಕ್ಕವು. ಹಿಟ್ಲರನ ವಿರೋಧಿಯಾಗಿದ್ದ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ 1943ರ ಏಪ್ರಿಲ್ 5ರಂದು ಬಂಧನಕ್ಕೊಳಗಾಗಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದ. ಗೆರ್‌ಹಾರ್ಟನ ಗೀತೆಗಳು ತನಗೆ ಎಷ್ಟು ಆಸರೆಯಾಗಿವೆಯೆಂದು ಅಲ್ಲಿಂದ ಬರೆದ ಪತ್ರಗಳಲ್ಲಿ ಹೇಳಿಕೊಂಡಿದ್ದಾನೆ. ಆ ವರ್ಷದ ಕ್ರಿಸ್ಮಸ್ಸಿಗೆ ಜೊತೆಯ ಕೈದಿಗಳಿಗೆಂದು ಪ್ರಾರ್ಥನೆಗಳನ್ನೂ ಬರೆದ. ಅವನ ಸಮಾಧಾನವನ್ನು ಕಂಡು ಕಾವಲುಗಾರರು ಬೆರಗಾಗುತ್ತಿದ್ದರು. ಆತ್ಮೀಯ ಗೆಳೆಯ ಎಬರ್‌ಹಾರ್ಡ್ ಬೆಟ್ಗೆಗೆ ಬರೆಯುವಾಗ ಮಾತ್ರ ಅವನು ಬೇರೆ ಮಾತಾಡುತ್ತಾನೆ: ಇಲ್ಲಿ ಭೀಕರವಾಗಿದೆ, ಹೊರಗೆ ಕಾಣುವ ಧೀರನೇ ನಾನೋ ಒಳಗೆ ನರಳುವವನೇ ನಾನೋ ತಿಳಿಯದು. 1944ರ ಬೇಸಗೆಯಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಕವಿತೆ ಬರೆದು, ತಾನು ಯಾರೇ ಆಗಿರಲಿ ದೇವರವನು ಎಂಬಲ್ಲಿಗೆ ಅದನ್ನು ಮುಗಿಸಿದ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನನ್ನು ಎಂದೂ ಅಳುಕದ ಸಂತನೆಂದು ಚಿತ್ರಿಸುವವರು ಆ ಪತ್ರಗಳನ್ನು ಸರಿಯಾಗಿ ಓದಿಲ್ಲ.

ಸಂತೋಷದ ಬೋಧನೆಗೆ ಒಂದು ಅಪಾಯವೂ ಇದೆ. ಅದು ಕಷ್ಟ ಕೊಡುವವರ ಬಾಯಿಗೆ ಸಿಕ್ಕರೆ ಸಂಕೋಲೆಯಾಗುತ್ತದೆ. ಅಮೆರಿಕದ ಗುಲಾಮರು ಹೊಲಗಳಲ್ಲಿ ಹಾಡುವುದನ್ನು ಕೇಳಿ ಅವರು ಸುಖವಾಗಿದ್ದಾರೆಂದು ಒಡೆಯರು ಹೇಳುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡ್ರಿಕ್ ಡಗ್ಲಾಸ್ 1845ರ ತನ್ನ ಆತ್ಮಕಥೆಯಲ್ಲಿ ಈ ಮಾತನ್ನು ನೇರವಾಗಿ ಅಲ್ಲಗಳೆದ. ಗುಲಾಮರು ಅತಿ ಹೆಚ್ಚು ಹಾಡುವುದು ಅತಿ ಹೆಚ್ಚು ನೊಂದಾಗ. ಅವರ ಹಾಡು ಹೃದಯದ ಸಂಕಟ ಎಂದು ಬರೆದ. ಆ ಹಾಡುಗಳಲ್ಲಿ ಬಿಡುಗಡೆಯ ಭರವಸೆ ಇತ್ತೆಂಬುದು ನಿಜ. ಆದರೆ ಅದು ಹಾಡಿದವರ ಸ್ವತ್ತು, ಚಾವಟಿ ಹಿಡಿದವನು ಅದನ್ನು ತನ್ನ ಪರವಾದ ಸಾಕ್ಷಿಯಾಗಿ ಬಳಸುವಂತಿಲ್ಲ. ಪೌಲನ ಪತ್ರವೂ ಸೆರೆಯ ಒಳಗಿನಿಂದ ಹೊರಗೆ ಹೋದದ್ದು. ಸೆರೆಗೆ ಹಾಕಿದವರು ಒಳಗಿದ್ದವನಿಗೆ ಕಳುಹಿಸಿದ್ದಲ್ಲ.

ಇನ್ನೊಂದು ತಪ್ಪು ಸಭೆಗಳ ಒಳಗೇ ನಡೆಯುತ್ತದೆ: ಖಿನ್ನತೆಯನ್ನು ನಂಬಿಕೆಯ ಕೊರತೆ ಎಂದು ಎಣಿಸುವುದು. ಇಂಗ್ಲಿಷ್ ಕವಿ ವಿಲಿಯಂ ಕೂಪರ್ ಬದುಕಿನುದ್ದಕ್ಕೂ ಖಿನ್ನತೆಯಿಂದ ನರಳಿದ, ಹಲವು ಸಲ ಸಾಯಲು ಯತ್ನಿಸಿದ. ದೇವರು ತನ್ನನ್ನು ಕೈಬಿಟ್ಟಿದ್ದಾನೆಂಬ ಭಾವ ಕೊನೆಯ ವರ್ಷಗಳಲ್ಲೂ ಅವನನ್ನು ಬಿಡಲಿಲ್ಲ. 1779ರಲ್ಲಿ ಜಾನ್ ನ್ಯೂಟನ್ ಜೊತೆ ಪ್ರಕಟಿಸಿದ ಅವನ ಗೀತೆಗಳು ಲಕ್ಷಾಂತರ ಜನರಿಗೆ ಧೈರ್ಯ ಕೊಟ್ಟಿವೆ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಹೆಸರಾಂತ ಬೋಧಕ ಚಾರ್ಲ್ಸ್ ಸ್ಪರ್ಜನ್ ಕೂಡ ಇದೇ ಕಾಯಿಲೆಯವನು. 1856ರ ಅಕ್ಟೋಬರಿನಲ್ಲಿ ಅವನ ಸಭೆಯಲ್ಲಿ ಯಾರೋ ಬೆಂಕಿ ಎಂದು ಕೂಗಿ, ನೂಕುನುಗ್ಗಲಿನಲ್ಲಿ ಏಳು ಮಂದಿ ಸತ್ತರು. ಆ ಆಘಾತದಿಂದ ಅವನು ಪೂರ್ತಿ ಹೊರಬರಲೇ ಇಲ್ಲ. ಮುಂದೆ ಪಾಸ್ಟರರಾಗಲು ಕಲಿಯುತ್ತಿದ್ದವರಿಗೆ ಕುಗ್ಗಿದ ಮನಸ್ಸಿನ ವಿಷಯವಾಗಿಯೇ ಉಪನ್ಯಾಸ ಕೊಟ್ಟು, ಇದು ಪಾಪದ ಗುರುತಲ್ಲ, ದೇಹದ ದಣಿವಿಗೂ ಇದರಲ್ಲಿ ಪಾಲಿದೆ ಎಂದು ತಿಳಿಹೇಳಿದ. ಆ ಕಾಲದಲ್ಲಿ ಇಲ್ಲದ ಔಷಧಿ, ಆಪ್ತಸಲಹೆ ಈಗ ಸಿಗುತ್ತವೆ. ಮನೆಯಲ್ಲೋ ನೆರೆಯಲ್ಲೋ ಮನಸ್ಸು ಕುಸಿದು ಕುಳಿತವರಿದ್ದರೆ ಸಂತೋಷವಾಗಿರೆಂದು ವಚನ ಹೇಳುವುದನ್ನು ಬದಿಗಿಟ್ಟು, ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಬಂದ ಮೇಲೆ ಊಟಕ್ಕೆ ಜೊತೆ ಕೂರಿ.